ನಮ್ಮವರ ಕೆನ್ನೆ ಮತ್ತು ನನ್ನ ಮುಖೋದ್ಧಾರ ಲೇಪ

ನಮ್ಮ ಯಜಮಾನರ ಮುಖವನ್ನು ಒಂದೇ ತಿಂಗಳಲ್ಲಿ ಅದರ ಮೂಲ ಬಣ್ಣಕ್ಕೆ ಮರಳಿಸುತ್ತೇನೆಂದು ನಾನು ಪಣ ತೊಟ್ಟದ್ದು ಒಂದು ಭಾನುವಾರದ ಬೆಳಿಗ್ಗೆ, ಕೈಯಲ್ಲಿ ಅರ್ಧ ಹೋಳು ನಿಂಬೆಹಣ್ಣು ಹಿಡಿದು. ಮಹಾಪ್ರತಿಜ್ಞೆ ಮಾಡಿದವರ ಕೈಯಲ್ಲಿ ಸಾಮಾನ್ಯವಾಗಿ ಖಡ್ಗವಿರುತ್ತದೆ. ನನ್ನ ಕೈಯಲ್ಲಿದ್ದದ್ದು ಅದಕ್ಕಿಂತ ಅಪಾಯಕಾರಿ ಆಯುಧವೆಂದು ಆಗ ನನಗೆ ತಿಳಿದಿರಲಿಲ್ಲ.

"ಒಂದ್ಸಲ ಡಾಕ್ಟರಿಗೆ ತೋರಿಸಿಬಿಡೋಣ ಅಂತ," ಎಂದರು ಅವರು, ನಿಂಬೆಹಣ್ಣಿನ ಮೇಲೆ ಕಣ್ಣಿಟ್ಟು.

"ಯಾಕೆ? ಮನೇಲಿ ನಾನಿಲ್ವಾ?"

"ಇದ್ದೀಯಲ್ಲ ಕಣೇ. ಅದಕ್ಕೇ ಹೇಳಿದೆ."

ನಾನು ಗ್ರಂಥಾಲಯದಲ್ಲಿರುವವಳು. ಬಂದ ಪುಸ್ತಕವನ್ನು ವಿಷಯ ನೋಡಿ ವಿಂಗಡಿಸಿ, ಬೆನ್ನಿಗೆ ಸಂಖ್ಯೆ ಅಂಟಿಸಿ, ಅದರ ಕಪಾಟಿಗೆ ಕಳುಹಿಸುವುದು ನನ್ನ ಕೆಲಸ. ಇಷ್ಟು ವರ್ಷಗಳ ಸೇವೆಯಲ್ಲಿ ಒಂದೇ ಒಂದು ಪುಸ್ತಕವೂ ನನ್ನ ಕೈಯಿಂದ ತಪ್ಪು ಕಪಾಟು ಸೇರಿದ್ದಿಲ್ಲ. ಅಂಥವಳಿಗೆ ಎರಡು ಕೆನ್ನೆ ಮತ್ತು ಒಂದು ಮೂಗು ಯಾವ ಮಹಾ ಗ್ರಂಥ!

ಯಜಮಾನರು ಕಾರು ಕಲಿಸುವ ಶಾಲೆಯಲ್ಲಿ ಶಿಕ್ಷಕರು. ಕಳೆದ ವರ್ಷದಿಂದ ಅವರ ಕೆನ್ನೆಗಳು ಕಾರಣವಿಲ್ಲದೆ ಕೆಂಪೇರತೊಡಗಿದವು. ಆಮೇಲೆ ಮೂಗೂ ಜೊತೆಗೂಡಿತು. ಚರ್ಮದಡಿಯಲ್ಲಿ ಕೆಂಪು ದಾರದೆಳೆಗಳಂತೆ ಸಣ್ಣ ಸಣ್ಣ ನರಗಳು ಕಾಣಿಸಿಕೊಂಡವು. ಅಲ್ಲಲ್ಲಿ ಸಾಸಿವೆಯಷ್ಟು ಗುಳ್ಳೆಗಳೆದ್ದವು. ಕಲಿಯುವ ಮಕ್ಕಳು ಅವರಿಗೆ 'ಸಿಗ್ನಲ್ ಸರ್' ಎಂದು ಹೆಸರಿಟ್ಟರು. ಆ ಹೆಸರಿಗೆ ಅವರೂ ನಕ್ಕರು. ಆದರೆ ಹೊಸದಾಗಿ ಸೇರುವವರ ಅಪ್ಪ ಅಮ್ಮಂದಿರು ಮಾತನಾಡಿಸುವ ನೆಪದಲ್ಲಿ ಹತ್ತಿರ ಬಂದು ಮೂಸಿ ನೋಡತೊಡಗಿದಾಗ ಮಾತ್ರ ಅವರಿಗೆ ನಗಲಾಗಲಿಲ್ಲ. ಕೆಮ್ಮಿನ ಸಿರಪ್ಪಿಗಿಂತ ಗಟ್ಟಿಯಾದ ದ್ರವ ಆ ಗಂಟಲನ್ನು ಎಂದೂ ದಾಟಿದ್ದಿಲ್ಲ!

ಶಾಲೆಯ ಮಾಲೀಕರು ಕೊನೆಗೆ ಬಾಯಿಬಿಟ್ಟೇ ಹೇಳಿದ್ದರು: "ಕುಡಿದ ಹಾಗೆ ಕಾಣೋ ಮುಖ ಇಟ್ಕೊಂಡು ಕಾರು ಕಲಿಸೋದು ಹೇಗೆ ಸರ್? ತಿಂಗಳ ಕೊನೆಗೆ ಹೊಸ ಬ್ಯಾಚು ಬರುತ್ತೆ. ಅಷ್ಟರಲ್ಲಿ ಮುಖ ಸರಿಹೋದ್ರೆ ಸರಿ. ಇಲ್ದಿದ್ರೆ ಒಳಗೆ ಕೌಂಟರಲ್ಲಿ ಕೂತ್ಕೊಂಡು ಅರ್ಜಿ ತುಂಬಿಸಿ."

ಇದನ್ನು ನನಗೆ ಹೇಳುವಾಗ ಅವರ ದನಿ ಎಂದಿನಂತೆಯೇ ಇತ್ತು. ಊಟ ಮಾತ್ರ ತಟ್ಟೆಯಲ್ಲೇ ಉಳಿಯಿತು. ಹೆದರಿ ನಡುಗುವ ಕೈಗಳನ್ನು ರಸ್ತೆಗೆ ಒಗ್ಗಿಸುವುದೊಂದೇ ಅವರಿಗೆ ಗೊತ್ತಿದ್ದ ಸುಖ. ಅದನ್ನು ಅರ್ಜಿಗಳಿಗೆ ಬಿಟ್ಟುಕೊಡುವುದೇ? ನಾನಿರುವಾಗ?

ಮೊದಲು ರೋಗವನ್ನು ವಿಂಗಡಿಸಿದೆ. ಕೆಂಪು, ಉರಿ, ಗುಳ್ಳೆ: 'ಉಷ್ಣ' ಎಂಬ ಕಪಾಟಿಗೆ ಹಾಕಿದೆ. ಉಷ್ಣವನ್ನು ಉಷ್ಣದಿಂದಲೇ ಹೊರಗೆಳೆಯಬೇಕೆಂದು ತೀರ್ಮಾನಿಸಿ ಹಬೆ ಕೊಟ್ಟೆ. ಹೊದಿಕೆಯಿಂದ ಹೊರಬಂದ ಮುಖ ಈಗಷ್ಟೇ ಗೂಡಿನಿಂದಿಳಿದ ಇಟ್ಟಿಗೆಯಂತಿತ್ತು. ಬೆವರಿ ಹೋಗಲೆಂದು ಮೆಣಸು ಜಡಿದ ಬಿಸಿಬಿಸಿ ಸೂಪು ಕುಡಿಸಿದೆ. ಚರ್ಮಕ್ಕೆ ಶಕ್ತಿ ಬರಲೆಂದು ಏರುಬಿಸಿಲಿನಲ್ಲಿ ನಡೆಸಿದೆ. ಪ್ರತಿದಿನದ ಫಲವನ್ನು ದಿನಚರಿಯಲ್ಲಿ ಶಿಸ್ತಾಗಿ ಬರೆದಿಟ್ಟೆ: 'ಬಣ್ಣ, ಇಟ್ಟಿಗೆ.' 'ಬಣ್ಣ, ದಾಳಿಂಬೆ.' 'ಬಣ್ಣ, ವರ್ಣನಾತೀತ.'

ಆಗ ಅವತರಿಸಿತು ನನ್ನ ಮುಖೋದ್ಧಾರ ಲೇಪ! ನಿಂಬೆರಸ, ವಿನೆಗರ್, ಜಜ್ಜಿದ ಪುದೀನ, ತರಿತರಿಯಾದ ಸಕ್ಕರೆ, ಹದಕ್ಕೆ ಒಂದಿಷ್ಟು ಜೇನು.

"ಉರೀತಿದೆಯಾ?"

"ಚುರುಚುರು ಅಂತಿದೆ."

"ಹಾಗಾದ್ರೆ ಕೆಲಸ ಮಾಡ್ತಿದೆ ಅಂತಲೇ ಅರ್ಥ. ಬಾಯಿ ಅಲ್ಲಾಡಿಸಬೇಡಿ, ಬಿರುಕು ಬಿಡುತ್ತೆ."

ಮಗಳು ಹಾಸ್ಟೆಲು ಸೇರಿದ ಮೇಲೆ ಮನೆಯಲ್ಲಿ ನಾವಿಬ್ಬರೇ. ದಿನವೂ ಸಂಜೆ ಕೆಲಸದಿಂದ ಬಂದು, ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಲೇಪ ಬಳಿಯುವುದು ಮನೆಯ ಕ್ರಮವಾಯಿತು. ಅವರು ಬಾಯಿ ತೆರೆಯುವಂತಿಲ್ಲವಾದ್ದರಿಂದ ಮಾತೆಲ್ಲ ನನ್ನದೇ. ಯಾರೋ ಪುಸ್ತಕದೊಳಗೆ ಗುರುತಿಗೆಂದು ಬಾಚಣಿಗೆ ಇಟ್ಟು ಮರೆತದ್ದು, ವಾಚನಾಲಯದಲ್ಲಿ ನಿತ್ಯ ನಿದ್ರಿಸುವ ಹಿರಿಯರ ಗೊರಕೆಗೆ ಪಕ್ಕದವರು ತಾಳ ಹಾಕಿದ್ದು, ಹೀಗೆ ಯಾರಿಗೂ ಹೇಳದೆ ಉಳಿದಿದ್ದ ಎಷ್ಟೋ ಸಂಗತಿಗಳು ಹೊರಬಂದವು. ನಗು ತಡೆಯಲಾಗದೆ ಅವರ ಹೊಟ್ಟೆ ಕುಲುಕಿದರೆ "ಅಲ್ಲಾಡಬೇಡಿ ಅಂದೆನಲ್ಲ!" ಎಂದು ಗದರುತ್ತಿದ್ದೆ.

ಎರಡನೆಯ ವಾರ ಕಳೆಯುವಷ್ಟರಲ್ಲಿ, ಓದುಗರೇ, ಪವಾಡ ನಡೆಯಿತು. ವರ್ಣನಾತೀತವಿದ್ದದ್ದು ದಾಳಿಂಬೆಯಾಯಿತು, ದಾಳಿಂಬೆ ಗುಲಾಬಿಯಾಯಿತು! ಗುಳ್ಳೆಗಳು ಅಡಗಿದವು. ಮುಖಕ್ಕೆ ಎಂಥ ಮಿರುಗು ಬಂತೆಂದರೆ, ಸಂಜೆ ಲೇಪ ಹಚ್ಚಹೋದರೆ ಬೆರಳು ಜಾರುತ್ತಿತ್ತು. 'ಚರ್ಮ ರೇಷ್ಮೆಯಾಗುತ್ತಿದೆ' ಎಂದು ಬರೆದುಕೊಂಡೆ. ಇದೇ ದಿನಗಳಲ್ಲಿ ಅವರು ಬಾಯಿಹುಣ್ಣೆಂದು ಸೂಪು ಬಿಟ್ಟರು. ನಡಿಗೆಗೆ ಅಗಲ ಅಂಚಿನ ಟೋಪಿ ಹಾಕತೊಡಗಿದರು. ಅದನ್ನೂ ಬರೆದುಕೊಂಡೆ. ಏನನ್ನೂ ಬಿಡದೆ ಗಮನಿಸಿ ಏನೊಂದನ್ನೂ ಅರ್ಥಮಾಡಿಕೊಳ್ಳದಿರುವುದಕ್ಕೆ ವಿಶೇಷ ವಿದ್ಯಾಭ್ಯಾಸ ಬೇಕು.

ಗೆಲುವು ಗುಟ್ಟಾಗಿರುವುದುಂಟೆ? ನಮ್ಮ ಮುಖ್ಯ ಗ್ರಂಥಪಾಲಕಿಯವರ ಕಿವಿಗೂ ಬಿತ್ತು. ಕನ್ನಡಕದ ಮೇಲಿಂದ ಒಮ್ಮೆ ನೋಡಿ ಇಡೀ ವಾಚನಾಲಯವನ್ನು ಮೌನಗೊಳಿಸಬಲ್ಲವರು ಅವರು. ಅವರ ಕೆನ್ನೆಗಳಿಗೂ ಇತ್ತೀಚೆಗೆ ಕೆಂಪು ಹತ್ತಿತ್ತು.

"ಏನಮ್ಮಾ, ಅದೇನೋ ಲೇಪವಂತೆ," ಎಂದರು, ಬೇರೆಲ್ಲೋ ನೋಡುತ್ತ.

ಶನಿವಾರ ಒಂದು ಸೀಸೆ ತುಂಬಿ ಕೊಟ್ಟೆ. "ರಾತ್ರಿ ಹಚ್ಚಿ ಹಾಗೇ ಮಲಗಿಬಿಡಿ ಮೇಡಂ," ಎಂದು ಸ್ವಂತ ಸಲಹೆಯನ್ನೂ ಸೇರಿಸಿದೆ.

ಸೋಮವಾರ ಹೊಸ ಬ್ಯಾಚಿನ ದಿನ, ಅಂದರೆ ತೀರ್ಪಿನ ದಿನ. ಯಜಮಾನರು ಕಣ್ಣು ಬಿಡುವಷ್ಟರಲ್ಲೇ ನಾನು ಬಟ್ಟಲು ಹಿಡಿದು ನಿಂತಿದ್ದೆ.

"ಇವತ್ತೊಂದು ದಿನ ಬೇಡ ಕಣೇ."

"ಇವತ್ತೇ ಬೇಕು! ಎರಡು ಪದರ!"

"ಒಂದೇ ನಿಮಿಷ, ಬಚ್ಚಲಿಗೆ ಹೋಗಿ ಬಂದೆ."

"ಆಮೇಲೆ ಹೋಗಿ. ಮಲಗಿ."

ಮಲಗಿದರು. ಅಂದು ಬೆರಳು ಸ್ವಲ್ಪವೂ ಜಾರಲಿಲ್ಲ. ಲೇಪ ಬಿಗಿಯಾಗಿ ಕೂತಿತು. ನಾನು ಹೆಮ್ಮೆಯಿಂದ ಕೆಲಸಕ್ಕೆ ಹೊರಟೆ.

ಗ್ರಂಥಾಲಯದ ಬಾಗಿಲಲ್ಲಿ ಮೇಡಂ ನಿಂತಿದ್ದರು. ಮುಖಕ್ಕೆಲ್ಲ ಸ್ಕಾರ್ಫು ಸುತ್ತಿ ಕಣ್ಣಷ್ಟೇ ಕಾಣುತ್ತಿತ್ತು. ಆ ಕಣ್ಣೇ ಸಾಕಾಗಿತ್ತು.

"ಬಾಮ್ಮ," ಎಂದರು ಮೆಲ್ಲಗೆ. "ನಿನ್ನ ಕೃತಿ ನೋಡು ಬಾ."

ಸ್ಕಾರ್ಫು ಸರಿಸಿದರು. ಉದ್ಧಾರವಾಗಿದ್ದದ್ದು ನಿಜ, ಮುಖ ಎಲ್ಲ ದಿಕ್ಕಿಗೂ ಉದ್ಧಾರವಾಗಿತ್ತು! ಕೆಂಪು ಬೇರೆ, ಬಾವು ಬೇರೆ.

ಅವರನ್ನು ಕರೆದುಕೊಂಡು ಹತ್ತಿರದ ಚರ್ಮವೈದ್ಯೆಯ ಬಳಿಗೆ ಓಡಿದೆ.

"ಏನು ಹಚ್ಚಿದ್ರಿ ಇದಕ್ಕೆ?" ಎಂದರು ವೈದ್ಯೆ.

"ನಿಂಬೆರಸ, ವಿನೆಗರ್, ಪುದೀನ, ಸಕ್ಕರೆ," ಎಂದೆ. ಸ್ವಲ್ಪ ತಡೆದು, "ಹದಕ್ಕೆ ಜೇನು," ಎಂದು ಸೇರಿಸಿದೆ.

ವೈದ್ಯೆ ಪೆನ್ನು ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಖದಲ್ಲಿ ನಗು ಅರಳಿತು.

"ನಿಮ್ಮ ಯಜಮಾನ್ರು ಕಾರು ಕಲಿಸ್ತಾರಾ?"

"ಹೌದು. ನಿಮಗೆ ಹೇಗೆ...?"

"ಅಯ್ಯೋ, ಮೂರು ವಾರದಿಂದ ನನ್ನ ಹತ್ರಾನೇ ತೋರಿಸ್ಕೊಳ್ತಿದ್ದಾರೆ! 'ನಮ್ಮ ಮನೆಯವಳು ಯಾವತ್ತಾದ್ರೂ ಇಲ್ಲಿಗೆ ಬಂದ್ರೆ ನೀವೇ ಎಲ್ಲಾ ಹೇಳಿಬಿಡಿ ಡಾಕ್ಟ್ರೇ, ನನಗೆ ಧೈರ್ಯ ಸಾಲ್ದು' ಅಂದಿದ್ರು."

ಆಮೇಲೆ ವೈದ್ಯೆ ಎಲ್ಲವನ್ನೂ ಹೇಳಿದರು. ಅದು ರೋಸೇಷಿಯವಂತೆ. ಮುಖದ ಸಣ್ಣ ರಕ್ತನಾಳಗಳು ಸುಲಭವಾಗಿ ಹಿಗ್ಗುವ ದೀರ್ಘಕಾಲದ ತೊಂದರೆ. ಪೂರ್ತಿ ಹೋಗುವುದಿಲ್ಲ, ಮುಲಾಮು ಹಚ್ಚಿ, ನಾಜೂಕಾಗಿ ನೋಡಿಕೊಂಡರೆ ಹತೋಟಿಯಲ್ಲಿರುತ್ತದೆ. ಅದನ್ನು ಕೆರಳಿಸುವಂಥವು ಕೆಲವಿವೆ. ಹಬೆ, ಖಾರ, ಬಿಸಿಬಿಸಿ ಸೂಪು, ಬಿಸಿಲು, ತಿಕ್ಕುವುದು, ಹುಳಿ ಪದಾರ್ಥ ಬಳಿಯುವುದು. ನನ್ನ ಚಿಕಿತ್ಸಾಕ್ರಮವನ್ನು ಅಷ್ಟು ಅಚ್ಚುಕಟ್ಟಾಗಿ ಬೇರೆ ಯಾರೂ ಪಟ್ಟಿಮಾಡಲಾರರು!

"ಆ ಲೇಪ ನಿಲ್ಲಿಸಿ ಅಂದೆ. 'ಅದೊಂದು ಆಗಲ್ಲ ಡಾಕ್ಟ್ರೇ, ಬೇರೆ ದಾರಿ ಹೇಳಿ' ಅಂದ್ರು. ಇನ್ನೇನ್ಮಾಡ್ಲಿ? ಸಂಜೆ ನೀವು ಹಚ್ಚೋಕೆ ಮುಂಚೆ ಬಳ್ಕೊಳ್ಳೋಕೆ ಒಂದು ದಪ್ಪ ಜಿಡ್ಡಿನ ಮುಲಾಮು ಕೊಟ್ಟೆ. ನಿಮ್ಮ ಲೇಪಕ್ಕೆ ಅವರ ಚರ್ಮ ಸಿಕ್ಕೇ ಇಲ್ಲ."

"ನನ್ನದು ಸಿಕ್ತು," ಎಂದರು ಮೇಡಂ.

ನನಗೆ ಆ ಮಾತು ಕೇಳಿಸಿತೇ ಹೊರತು ಮನಸ್ಸು ಅಲ್ಲಿರಲಿಲ್ಲ. ರೇಷ್ಮೆ! ಮಿರುಗು! ಜಾರುವ ಬೆರಳು! ಆದರೆ ಇವತ್ತು ಬೆಳಿಗ್ಗೆ ಬೆರಳು ಜಾರಲಿಲ್ಲ. ಬಚ್ಚಲಿಗೆ ಹೋಗಲು ನಾನು ಬಿಟ್ಟಿರಲಿಲ್ಲ. ಎರಡು ಪದರ, ಬರೀ ಚರ್ಮದ ಮೇಲೆ, ಅದೂ ಇವತ್ತೇ!

"ಮೇಡಂ, ನಾನು ಹೋಗಬೇಕು," ಎಂದು ಎದ್ದೆ.

"ನಡಿ, ನಾನೂ ಬರ್ತೀನಿ. ಈ ಅವತಾರದಲ್ಲಿ ಗ್ರಂಥಾಲಯಕ್ಕೆ ಹೋದ್ರೆ ಓದುಗರು ಓಡಿಹೋಗ್ತಾರೆ."

ಕಾರಿನ ಶಾಲೆಯಲ್ಲಿ ಹೊಸ ಬ್ಯಾಚು ನೆರೆದಿತ್ತು. ಜೊತೆಗೆ ಬಂದ ಹಿರಿಯರು ಬಾಗಿಲಲ್ಲಿ ಗುಸುಗುಸು ನಡೆಸಿದ್ದರು. ನಡುವೆ ಒಂದು ಸ್ಟೂಲಿನ ಮೇಲೆ ನಮ್ಮವರು, ಮುಖ ಕೆಂಡದಂತೆ ಉರಿಯುತ್ತ, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದರು. ತೊಳೆದಿದ್ದರೂ ಫಲವಾಗಿರಲಿಲ್ಲ. ಮಾಲೀಕರು ಸೊಂಟಕ್ಕೆ ಕೈಕೊಟ್ಟು ಹೇಳುತ್ತಿದ್ದರು:

"ಮುಖ ನೋಡಿದ್ರೆ ಹೀಗೆ. ಹತ್ತಿರ ಬಂದ್ರೆ ಹುಳಿಹುಳಿ ವಾಸನೆ. ಅದನ್ನ ಮುಚ್ಚೋಕೆ ಮೇಲೆ ಪುದೀನ ಬೇರೆ! ನಾನೇನು ಮಗುನಾ ಸರ್? ನೀವು ಕೌಂಟರಿಗೇ ನಡೀರಿ."

ಒಬ್ಬ ನಿರ್ವ್ಯಸನಿಯ ಮೇಲೆ ಕುಡುಕನೆಂಬುದಕ್ಕೆ ಬೇಕಾದ ಎಲ್ಲ ಸಾಕ್ಷ್ಯಗಳನ್ನೂ ಇಷ್ಟು ಪರಿಶ್ರಮದಿಂದ ಬಳಿದವಳು ನಾನೇ! ಆಗಲೂ ಅವರು ಬಾಯಿಬಿಟ್ಟು ನನ್ನ ಹೆಸರು ಹೇಳಲಿಲ್ಲ.

"ಅದು ವಿನೆಗರ್ರು!" ಎಂದು ನಾನು ಬಾಗಿಲಿನಿಂದಲೇ ಕೂಗಿದೆ. ವಾಚನಾಲಯದಲ್ಲಿ ಇಷ್ಟು ವರ್ಷ ಉಳಿಸಿಟ್ಟ ದನಿಯೆಲ್ಲ ಒಂದೇ ಸಲ ಹೊರಬಂತು. "ಬಳಿದೋಳು ನಾನು. ಅದು ಕುಡಿತ ಅಲ್ಲ, ಕಾಯಿಲೆ. ವೈದ್ಯರು ಗುಣ ಮಾಡ್ತಾ ಇದ್ರು. ಕೆಡಿಸಿದೋಳು ನಾನೇ."

ಮಾಲೀಕರು ಕನಿಕರದಿಂದ ನೋಡಿದರು. "ಎಲ್ಲರ ಮನೆಯವರೂ ಹೀಗೇ ಹೇಳ್ತಾರಮ್ಮ."

ಆಗ ನನ್ನ ಹಿಂದಿನಿಂದ ಮೇಡಂ ಮುಂದೆ ಬಂದರು. ಸ್ಕಾರ್ಫು ಕಳಚಿದರು.

"ಇಲ್ಲಿ ನೋಡಪ್ಪಾ. ಅದೇ ಬಣ್ಣ, ಅದೇ ವಾಸನೆ. ಬೇಕಾದ್ರೆ ಹತ್ರ ಬಂದು ಮೂಸು. ನಾನು ಕುಡಿದಿದ್ದೀನಾ?"

ಕನ್ನಡಕದ ಮೇಲಿಂದ ಒಂದು ನೋಟ. ಇಡೀ ಶಾಲೆ ವಾಚನಾಲಯವಾಯಿತು.

"ಇಲ್ಲ ಮೇಡಂ," ಎಂದರು ಮಾಲೀಕರು, ಒಂದು ಹೆಜ್ಜೆ ಹಿಂದೆ ಸರಿದು.

ಮೊಮ್ಮಗಳನ್ನು ಸೇರಿಸಲು ಬಂದಿದ್ದ ಅಜ್ಜಿಯೊಬ್ಬರು ಗುಂಪಿನಿಂದ ಮುಂದೆ ಬಂದು ನಮ್ಮವರ ಮುಖವನ್ನೂ, ನನ್ನ ಮುಖವನ್ನೂ ಒಂದೊಂದಾಗಿ ನೋಡಿದರು.

"ನಮ್ಮ ಹುಡುಗೀಗೆ ಇವರೇ ಕಲಿಸಲಿ," ಎಂದರು. "ಇಂಥಾ ಉರಿ ಬಾಯಿಮುಚ್ಕೊಂಡು ತಡ್ಕೊಂಡೋರು ಇವಳ ಗೇರು ತಡ್ಕೊಳ್ಳಲ್ವಾ?"

ಎಲ್ಲರೂ ನಕ್ಕರು. ಮಾಲೀಕರೂ ನಗಬೇಕಾಯಿತು. ಅರ್ಜಿಗಳು ಕೌಂಟರಿನಲ್ಲೇ ಉಳಿದವು. ಕಾರಿನ ಬೀಗದಕೈ ನಮ್ಮವರ ಕೈಗೆ ಬಂತು.

ಮೇಡಂ ಆಟೋ ಹತ್ತಿದರು. ನಾವಿಬ್ಬರೂ ಮರದ ನೆರಳಿನಲ್ಲಿ ನಿಂತಿದ್ದ ಕಲಿಕೆಯ ಕಾರಿನಲ್ಲಿ ಕುಳಿತೆವು. ಅವರು ತಮ್ಮ ಎಂದಿನ ಸೀಟಿನಲ್ಲಿ. ಹಾಗಾಗಿ ನಾನು ಸ್ಟೀರಿಂಗಿನ ಮುಂದೆ. ಅವರು ಎದುರಿನ ಖಾನೆ ತೆರೆದು ಒಂದು ಮುಲಾಮಿನ ಟ್ಯೂಬು ತೆಗೆದರು. ಅದರ ಹಿಂದೆ ಇನ್ನೊಂದು. ನನಗೆ ಅಳು ಬರುವಂತಾಯಿತು.

"ಯಾಕ್ರೀ ಒಂದು ಮಾತು ಹೇಳಲಿಲ್ಲ?"

ಅವರು ತಮ್ಮ ಕಾಲಿನತ್ತ ತೋರಿಸಿದರು. "ಕಲಿಸೋನ ಕಡೆಗೂ ಒಂದು ಬ್ರೇಕ್ ಇರುತ್ತೆ, ನೋಡು. ಕಲಿಯೋರು ಸ್ಟೀರಿಂಗ್ ತಪ್ಪು ತಿರುಗಿಸ್ತಾರೆ. ಆಗ ಕೈ ಹಾಕಿ ಕಿತ್ಕೊಂಡ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ. ಬ್ರೇಕಿನ ಮೇಲೆ ಕಾಲಿಟ್ಕೊಂಡು ಸುಮ್ನೆ ಕೂತಿರಬೇಕು."

"ಅಷ್ಟು ಉರಿಸ್ಕೊಂಡಾ?"

"ಮಗಳು ಹಾಸ್ಟೆಲಿಗೆ ಹೋದ್ಮೇಲೆ 'ಗ್ಯಾಸ್ ಬಂತಾ, ಬೀಗ ಹಾಕಿದ್ಯಾ' ಬಿಟ್ರೆ ನಮ್ಮಿಬ್ಬರ ಮಧ್ಯೆ ಮಾತೇನಿತ್ತು ಹೇಳು. ಲೇಪ ಹಚ್ಚೋವಾಗ ನೀನು ಎಷ್ಟೊಂದು ಮಾತಾಡ್ತಿದ್ದೆ! ಡಾಕ್ಟರ ಹತ್ರ ಹೋದೆ ಅಂದ್ರೆ ಅದೂ ನಿಂತುಹೋಗುತ್ತೇನೋ ಅನ್ನಿಸ್ತು."

ಈ ಮಾತನ್ನು ಯಾವ ವಿಷಯದಡಿ ಸೇರಿಸಬೇಕೆಂದು ನನಗೆ ತೋಚಲಿಲ್ಲ. ಸುಮ್ಮನೆ ಟ್ಯೂಬು ತೆಗೆದುಕೊಂಡು ಮುಚ್ಚಳ ಬಿಚ್ಚಿದೆ.

"ಬಟಾಣಿಯಷ್ಟು ಸಾಕು," ಎಂದರು ಅವರು, ಪಾಠ ಹೇಳುವ ದನಿಯಲ್ಲಿ. "ಒತ್ತಬೇಡ. ಹಾಂ, ಹಾಗೇ. ಮೂಗಿನ ತಿರುವಲ್ಲಿ ನಿಧಾನ. ಕಣ್ಣಿನ ಹತ್ರ ಹೋಗ್ಬೇಡ. ಯಾಕೆ ಸುಮ್ನಾದೆ? ಮಾತಾಡ್ತಾ ಹಚ್ಚು."

ಮಾತಾಡುತ್ತ ಹಚ್ಚಿದೆ. ನನ್ನ ಬೆರಳ ಕೆಳಗೆ ಅವರ ಕೆನ್ನೆ ಬಿಸಿಯಾಗಿತ್ತು. ಅವರು ಕಣ್ಣು ಮುಚ್ಚಿದ್ದರು.

"ಹೇಗಿದೆ?" ಎಂದೆ ಕೊನೆಗೆ, ಸ್ವಲ್ಪ ಹೆಮ್ಮೆಯಿಂದಲೇ. "ಪಾಸಾದೆನಾ?"

ಅವರು ಒಂದೇ ಕಣ್ಣು ತೆರೆದು, ಕನ್ನಡಿಯನ್ನು ತಮ್ಮ ಕಡೆ ತಿರುಗಿಸಿ, ಎರಡೂ ಕೆನ್ನೆಗಳನ್ನು ಪರೀಕ್ಷಿಸಿದರು.

"ಪರವಾಗಿಲ್ಲ," ಎಂದರು. "ಆದ್ರೆ ಎಲ್ ಬೋರ್ಡ್ ಮಾತ್ರ ಸದ್ಯಕ್ಕೆ ತೆಗೀಬೇಡ."