ಎರಡನೇ ಕೊಡಲಿಯ ವಿಷಯದಲ್ಲಿ ನನ್ನನ್ನು ಗೆಲ್ಲಿಸಿದವರಿಗೆ

(ಬಹಿರಂಗ ಪತ್ರ)

ದಾಳದ ಆಟದ ಪುಸ್ತಕ ಅಚ್ಚು ಹಾಕುವ ಕಂಪನಿಯ ನಿಯಮ ವಿವರಣಾ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ವಿಸ್ಕಾನ್ಸಿನ್ ಸೀಮೆಯಲ್ಲಿ ಮನುಷ್ಯರಿಗಿಂತ ಹಸುಗಳೇ ಹೆಚ್ಚಿರುವ ಒಂದು ಊರಿನಿಂದ, ಒಂದೇ ಕೋಣೆಯ ಶಾಲೆಗೆ ಎಂಟನೇ ಕ್ಲಾಸಿನಲ್ಲಿ ಕೈಮುಗಿದು ಹಾಲು ಕರೆಯಲು ಹೋದ ಹಿಲ್ಮಾ ನಾರ್ಗಾರ್ಡ್ ಎಂಬ ಮುದುಕಿಯ ನಮಸ್ಕಾರಗಳು. ತಾವೂ ತಮ್ಮ ಕಚೇರಿಯವರೂ ತಮ್ಮ ದಪ್ಪ ಪುಸ್ತಕವೂ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ. ಕಚೇರಿಗಳ ಮೇಲೆ ದೂರು ಬರೆಯುವವರೆಲ್ಲ ತಮ್ಮ ಮಾತನ್ನು ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಗೋಳಾಡುತ್ತಾರೆ. ನನ್ನ ದೂರು ಏನೆಂದರೆ, ತಾವು ನನ್ನ ಮಾತನ್ನು ಕೇಳಿದಿರಿ, ಒಪ್ಪಿದಿರಿ, ಸಾಲದ್ದಕ್ಕೆ ಸಹಿ ಹಾಕಿ ಕಳಿಸಿದಿರಿ.

ತಮ್ಮ ಆಟ ಪ್ರತಿ ಗುರುವಾರ ಮಧ್ಯಾಹ್ನ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ, ಕಾಫಿ ಕಾಯಿಸುವ ಹಂಡೆಯ ಪಕ್ಕದ ಮೇಜಿನ ಮೇಲೆ ನಡೆಯುತ್ತದೆ. ಶಾಲೆಯ ಬಸ್ಸು ಓಡಿಸುವ ನನ್ನ ಮೊಮ್ಮಗಳು ಮಾರಿಟ್ ಕಥೆ ನಡೆಸುತ್ತಾಳೆ. ರಾಕ್ಷಸರೆಲ್ಲ ಅವಳ ಕಡೆ. ನಮ್ಮ ಕಡೆ ಮೂವರು, ಒಬ್ಬೊಬ್ಬರಿಗೂ ಕಾಗದದ ಮೇಲೆ ಬರೆದುಕೊಂಡ ಒಂದೊಂದು ಪಾತ್ರ. ಹಾಲಿನ ಲಾರಿ ಓಡಿಸಿ ನಿವೃತ್ತನಾದ ಡೆಲ್ಮರ್ ಮಾಂತ್ರಿಕನಾಗುತ್ತಾನೆ, ಆದರೆ ಮಂತ್ರಕ್ಕಿಂತ ತೂಕಡಿಕೆಯೇ ಜಾಸ್ತಿ. ನನ್ನದು ಗುಂಡ್ರಾ ಎಂಬ ಕುಳ್ಳಿ. ಕೈಯಲ್ಲಿ ಸುತ್ತಿಗೆ, ಕಾಲಲ್ಲಿ ಮಂಡಿನೋವು. ಮಂಡಿನೋವು ತಮ್ಮ ಪುಸ್ತಕದಲ್ಲಿಲ್ಲ, ನನ್ನ ಕಡೆಯಿಂದ ಕಾಣಿಕೆ. ನನ್ನ ನಾದಿನಿ ಆರ್ಡಿಸ್‌ಳದು ಬಿರ್ಕಾ ಎಂಬ ಬೇಟೆಗಾರ್ತಿ. ಅವಳ ಸೊಂಟದ ಸುತ್ತ ಸಾಲಾಗಿ ಕೈಗೊಡಲಿಗಳು. ಯಾರು ಯಾರನ್ನು ಹೊಡೆಯಬೇಕಾದರೂ ಇಪ್ಪತ್ತು ಮುಖದ ದಾಳ ಉರುಳಿಸಬೇಕು, ಇಪ್ಪತ್ತೇ ಬಿದ್ದರೆ ಎದುರಿನವನ ಕಥೆ ಮುಗಿಯಿತು. ಇದು ತಮಗೆ ಗೊತ್ತಿದೆ. ಗೊತ್ತಿಲ್ಲದ ಯಾರಾದರೂ ಈ ಪತ್ರ ಓದಿಬಿಟ್ಟರೆ ಇರಲಿ ಎಂದು ಬರೆದೆ.

ಒಂದು ಸರದಿಯಲ್ಲಿ ಬಿರ್ಕಾ ಎರಡು ಏಟು ಹೊಡೆಯಬಹುದೆಂದು ತಮ್ಮ ಪುಸ್ತಕ ಅಪ್ಪಣೆ ಕೊಟ್ಟಿದೆ. ಹಾಗಾಗಿ ಆರ್ಡಿಸ್ ಒಂದು ಕೊಡಲಿ ಎಸೆದು, ಅದು ನೆಲಕ್ಕೆ ಬೀಳುವ ಮೊದಲೇ ಇನ್ನೊಂದನ್ನು ಸೊಂಟದಿಂದ ಎಳೆದು ಅದನ್ನೂ ಎಸೆಯುತ್ತಿದ್ದಳು. ನನ್ನ ಗುಂಡ್ರಾ ಕುಂಟುತ್ತ ಕುಂಟುತ್ತ ರಾಕ್ಷಸನ ಹತ್ತಿರ ಹೋಗುವಷ್ಟರಲ್ಲಿ ಅವನಿಗೆ ನೊಣ ಮುತ್ತುತ್ತಿದ್ದವು. ವರ್ಷಗಟ್ಟಲೆ ಹೀಗೆ ಹೆಣ ನೋಡಿಕೊಂಡು ಬರುವವಳಂತೆ ಹೋಗಿ ಬಂದ ಮೇಲೆ ಪುಸ್ತಕ ಓದಬೇಕೆಂಬ ಆಸೆ ಯಾರಿಗಾದರೂ ಹುಟ್ಟದೆ ಇರುತ್ತದೆಯೇ? ಭೂತಗನ್ನಡಿ ಹಿಡಿದು ಓದಿದೆ. ಸಿಕ್ಕಿತು. ಒಂದು ಸರದಿಯಲ್ಲಿ ಒಂದೇ ಆಯುಧವನ್ನು ಹೊರತೆಗೆಯಬಹುದು! ಕತ್ತಿ ಹಿಡಿದವನಿಗೆ ಇದರಿಂದ ನಷ್ಟವಿಲ್ಲ, ಒಮ್ಮೆ ಎಳೆದ ಕತ್ತಿ ಕೈಯಲ್ಲೇ ಇರುತ್ತದೆ, ಎರಡು ಸಲ ಬೀಸಬಹುದು. ಎಸೆದವಳ ಕೊಡಲಿ ಮಾತ್ರ ಹೋಯಿತೆಂದರೆ ಹೋಯಿತು. ಎರಡನೆಯದನ್ನು ತೆಗೆಯಲು ಮುಂದಿನ ಸರದಿಯವರೆಗೆ ಕೈಕಟ್ಟಿ ಕೂರಬೇಕು.

ಇದನ್ನು ಮೇಜಿನ ಮೇಲೆ ಬೆರಳಿಟ್ಟು ತೋರಿಸಿದಾಗ ಆರ್ಡಿಸ್ ಕಾಫಿ ಕೆಳಗಿಟ್ಟು, “ಎಸೆಯೋದು ಅಂದ್ರೇನೇ ತೆಗೆದು ಎಸೆಯೋದು ಕಣೆ ಹಿಲ್ಮಾ. ತೆಗೀದೇನೇ ತಾನಾಗಿ ಹಾರೋಕೆ ಅದೇನು ಮೂಗಿನ ಸೀನೇ?” ಎಂದಳು. ಡೆಲ್ಮರ್ ನಕ್ಕ. ನನಗೆ ಉರಿಯಿತು. ಮೇಲಾಗಿ, “ಜಿಲ್ಲಾ ಮೇಳದಲ್ಲಿ ಬಾಣಲೆ ಎಸೆಯೋದನ್ನ ನೋಡಿದೀಯಲ್ಲ, ಎಸೆತದ ವಿಷಯ ನನಗೆ ಬಿಡು” ಎಂದೂ ಸೇರಿಸಿದಳು. ನಮ್ಮ ಮೇಳದಲ್ಲಿ ಹೆಂಗಸರ ಕಬ್ಬಿಣದ ಬಾಣಲೆ ಎಸೆತದ ಸ್ಪರ್ಧೆಯಲ್ಲಿ ಪ್ರತಿ ವರ್ಷ ಅವಳೇ ಮೊದಲು. ನಾನೂ ಒಮ್ಮೆ ಎಸೆದಿದ್ದೇನೆ. ಬಾಣಲೆಯನ್ನು ಕೈಬಿಡುವ ಗಳಿಗೆ ಸ್ವಲ್ಪ ಹೆಚ್ಚುಕಡಿಮೆಯಾಗಿ ಅದು ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಹೋಯಿತು, ಹೋಗಿ ಸೇಬಿನ ಕಡುಬುಗಳ ಸ್ಪರ್ಧೆಯ ತೀರ್ಪನ್ನು ತಾನೇ ಕೊಟ್ಟುಬಿಟ್ಟಿತು. ಇಂಥ ಕೈಯವಳು ಎಸೆಯುವ ಆಯುಧಗಳ ನಿಯಮದ ಬಗ್ಗೆ ತಮಗೆ ಪತ್ರ ಬರೆದಳೆಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ಮನೆಯ ಹೀಟರ್ ರಿಪೇರಿಯವನು ಚಳಿಗಾಲದಲ್ಲಿ ಕರೆದರೆ ಬೇಸಿಗೆಗೆ ಬರುವ ಈ ಕಾಲದಲ್ಲಿ ತಾವು ವಾರ ತುಂಬುವ ಮೊದಲೇ ಉತ್ತರ ಕೊಟ್ಟಿರಿ. ಏನು ಶಿಸ್ತು, ಏನು ಕಾಳಜಿ! “ಶ್ರೀಮತಿ ನಾರ್ಗಾರ್ಡ್ ಅವರ ಓದು ಸಂಪೂರ್ಣ ಸರಿಯಾಗಿದೆ” ಎಂದು ಬರೆದಿರಿ. ನನ್ನ ಓದು ಸರಿಯಾಗಿದೆ ಎಂದು ಶಾಲೆಯ ಮೇಷ್ಟ್ರು ಕೂಡ ಎಂದೂ ಹೇಳಿದವರಲ್ಲ. ಲೈಬ್ರರಿಗೆ ಹೋಗಿ ಆ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸಿಕೊಂಡು ಬಂದೆ, ಸೂಪು ಚೆಲ್ಲಿದರೂ ಸತ್ಯ ಒದ್ದೆಯಾಗಬಾರದು ಎಂದು. ಕಳೆದ ಗುರುವಾರ ಅದನ್ನು ಎದ್ದು ನಿಂತು ಓದಿದೆ.

ಅದೇ ಮಧ್ಯಾಹ್ನ ಸೇತುವೆಯ ಕೆಳಗಿನಿಂದ ಕೊಟ್ಟಿಗೆಯಷ್ಟು ದೊಡ್ಡ ರಾಕ್ಷಸನೊಬ್ಬ ಎದ್ದು ಬಂದು, ಎಲ್ಲರನ್ನೂ ಬಿಟ್ಟು ನನ್ನ ಗುಂಡ್ರಾಳ ಕತ್ತು ಹಿಡಿದುಕೊಂಡ. ಇನ್ನೊಂದು ಏಟಿಗೆ ಅವಳು ಸಾಯುವಳು. ಆರ್ಡಿಸ್‌ಳ ಸರದಿ. ಮೊದಲ ಕೊಡಲಿ ಎಸೆದಳು, ತಪ್ಪಿತು. ಕೈ ರೂಢಿಯಂತೆ ಮತ್ತೆ ದಾಳ ಉರುಳಿಸಿತು. ಇಪ್ಪತ್ತು! ಡೆಲ್ಮರ್ ಎಚ್ಚರಾಗಿ ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಮಾರಿಟ್ ಮೆಲ್ಲಗೆ, “ಅಜ್ಜಿ, ಇದು ಎರಡನೇ ಕೊಡಲಿ…” ಎಂದಳು. “ನಾನೇನೂ ನೋಡಿಲ್ಲಪ್ಪ, ನಿದ್ದೇಲಿದ್ದೆ” ಎಂದ ಡೆಲ್ಮರ್. ಆರ್ಡಿಸ್ ನನ್ನ ಮುಖವನ್ನೇ ನೋಡುತ್ತ, “ಹೋಗ್ಲಿ ಬಿಡು ಅಂತ ಒಂದು ಮಾತು ಅನ್ನು ಸಾಕು. ನಿನ್ನ ಕುಳ್ಳಿ ಬದುಕ್ಕೋತಾಳೆ” ಎಂದಳು. ತನ್ನ ಕೊಡಲಿ ಕಿತ್ತುಕೊಂಡವಳ ಪ್ರಾಣವನ್ನು ಅದೇ ಕೊಡಲಿಯಿಂದ ಉಳಿಸಲು ಹೊರಟಿದ್ದಳು.

ಮಾನ್ಯರೇ, “ಹೋಗ್ಲಿ ಬಿಡು” ಎನ್ನಲು ನಾಲಿಗೆಗೆ ಎಷ್ಟು ಕೆಲಸ? ಬಾಯಿ ತೆರೆದೆ. “ನಾನು ಪ್ಲಾಸ್ಟಿಕ್ ಹಾಕಿಸಿದೀನಿ” ಎಂಬ ಮಾತು ಹೊರಗೆ ಬಂತು.

ಇಪ್ಪತ್ತು ತೋರಿಸುತ್ತಿದ್ದ ಆ ದಾಳದ ಮೇಲೆ ಮಾರಿಟ್ ಕಾಫಿ ಲೋಟ ಬೋರಲು ಹಾಕಿ, “ಮುಂದಿನ ಗುರುವಾರದವರೆಗೆ ಯಾರೂ ಮುಟ್ಟಬೇಡಿ, ಆಮೇಲೆ ತೀರ್ಮಾನ” ಎಂದಳು. ಆರ್ಡಿಸ್ ಕೋಟು ಹಾಕಿಕೊಂಡು, ತಾನು ಆಲೂಗಡ್ಡೆ ಬೇಯಿಸಿ ತಂದಿದ್ದ ಪಾತ್ರೆಯನ್ನು ಅಲ್ಲೇ ಬಿಟ್ಟು ಹೊರಟಳು. ನಮ್ಮ ಕಡೆ ಹೆಂಗಸು ಪಾತ್ರೆ ಬಿಟ್ಟು ಹೋದಳೆಂದರೆ ಅದು ಸಣ್ಣ ಸಿಟ್ಟಲ್ಲ. ನನ್ನನ್ನು ಮನೆಗೆ ಬಿಡುವವಳು ಅವಳೇ ಆದ್ದರಿಂದ ಬಿಟ್ಟಳು, ದಾರಿಯುದ್ದಕ್ಕೂ ರೇಡಿಯೋದಲ್ಲಿ ಪೋಲ್ಕಾ ಕುಣಿತದ ಸಂಗೀತ ಜೋರಾಗಿ ಹಾಕಿಕೊಂಡು. ಮರುದಿನ ಮಾರಿಟ್‌ಗೆ ಫೋನು ಮಾಡಿ, “ನಾನಿನ್ನು ಬರಲ್ಲ ಕಣಮ್ಮ, ನನ್ನ ಕೊಡಲಿಗಳನ್ನ ಡೆಲ್ಮರ್‌ಗೆ ಕೊಟ್ಬಿಡು” ಎಂದಳಂತೆ. ಡೆಲ್ಮರ್‌ನ ಕೈಗೆ ಕೊಡಲಿ! ಅವನು ನಿದ್ದೆಯಲ್ಲಿ ನಮ್ಮನ್ನೇ ಕಡಿಯುತ್ತಾನೆ. ಗುಂಡ್ರಾ ಸತ್ತರೆ ಇನ್ನೊಬ್ಬಳನ್ನು ಬರೆದುಕೊಳ್ಳಬಹುದು, ಈ ಸಲ ಮಂಡಿನೋವಿಲ್ಲದವಳನ್ನು. ಎದುರಿನ ಕುರ್ಚಿಯಲ್ಲಿ ಕೂತು ನನ್ನನ್ನು ಬೈಯಲು ಇನ್ನೊಬ್ಬ ಆರ್ಡಿಸ್‌ಳನ್ನು ಯಾವ ಕಾಗದದ ಮೇಲೆ ಬರೆದುಕೊಳ್ಳಲಿ?

ಆದ್ದರಿಂದ ತಮ್ಮಲ್ಲಿ ಸವಿನಯ ಬೇಡಿಕೆಗಳು. ಹಿಂದಿನ ಉತ್ತರ ಬರೆದವರಿಗೆ ಅಂದು ಜ್ವರವಿತ್ತು ಎಂದು ದಯವಿಟ್ಟು ತಿಳಿಸಬೇಕು. ಪುಸ್ತಕದ ಮುಂದಿನ ಮುದ್ರಣದಲ್ಲಿ “ಹಿಲ್ಮಾ ನಾರ್ಗಾರ್ಡ್ ಹಟ ಹಿಡಿದ ಸಂದರ್ಭಗಳಲ್ಲಿ ಈ ನಿಯಮ ಅನ್ವಯಿಸದು” ಎಂದು ಸೇರಿಸಬೇಕು. ಅದು ಕಷ್ಟವಾದರೆ, ಗುರುವಾರ ಆ ಲೋಟ ಎತ್ತಲು ತಮ್ಮ ಕಡೆಯಿಂದ ಒಬ್ಬ ಅಧಿಕಾರಿಯನ್ನು ಕಳಿಸಬೇಕು; ಅವರ ಊಟ ನನ್ನದು. ಎಸೆದ ಆಯುಧವನ್ನು ಕಾಳಗ ಮುಗಿದ ಮೇಲೆ ಮತ್ತೆ ಕೈಗೆ ತಂದುಕೊಳ್ಳುವುದಕ್ಕೆ ತಮ್ಮ ಪುಸ್ತಕದಲ್ಲಿ ಒಂದು ಇಡೀ ಪುಟವಿದೆ. ಆಡಿದ ಮಾತಿಗೆ ಅರ್ಧ ಪುಟವಾದರೂ ಇಡಬಾರದಿತ್ತೇ?

ತಮ್ಮ ಒಪ್ಪಿಗೆಯಿಂದ ಹಾಳಾಗಿಹೋದ,
ತಮ್ಮ ವಿಶ್ವಾಸಿ,
ಹಿಲ್ಮಾ ನಾರ್ಗಾರ್ಡ್

ಮರೆತ ಮಾತು: ಕಣ್ಣಿನ ಡಾಕ್ಟರು ನನ್ನ ಕಾರಿನ ಲೈಸೆನ್ಸು ತಪ್ಪಿಸಿದಂದಿನಿಂದ ನನ್ನ ಟಪಾಲನ್ನೆಲ್ಲ ಪೋಸ್ಟಾಫೀಸಿಗೆ ಒಯ್ಯುವವಳು ಆರ್ಡಿಸ್. ಮಾತು ಬಿಟ್ಟಿದ್ದರೂ ಟಪಾಲು ಬಿಟ್ಟಿಲ್ಲ. ಅಂಟಿಸದ ಲಕೋಟೆ ಕೈಗೆ ಸಿಕ್ಕರೆ ಓದದೆ ಬಿಡುವ ಪೈಕಿಯೂ ಅವಳಲ್ಲ. ಈ ಲಕೋಟೆಯನ್ನು ನಾನು ಅಂಟಿಸಿಲ್ಲ. ಮೇಲೆ ಬಹಿರಂಗ ಪತ್ರ ಎಂದು ಬರೆದದ್ದು ಅದಕ್ಕೇ.

ಆರ್ಡಿಸ್, ಕಾರಲ್ಲಿ ಕೂತು ಇಲ್ಲಿವರೆಗೆ ಓದಿದೀಯ ಅಂದ್ರೆ ಸ್ಟಾಂಪು ದಂಡ ಮಾಡಬೇಡ. ನಿನ್ನ ಪಾತ್ರೆ ತೊಳೆದಿಟ್ಟಿದೀನಿ. ಗುರುವಾರ ಬಾ, ಲೋಟ ನಾನೇ ಎತ್ತುತೀನಿ, ಎರಡನೇ ಕೊಡಲಿ ನಿಂದೇ. ಆದ್ರೆ ಮೊದಲನೇದು ಎಂಥಾ ಎಸೆತವೇ ಅದು? ಕೊಟ್ಟಿಗೆಯಷ್ಟು ದೊಡ್ಡವನಿದ್ದ ಕಣೆ ಆ ರಾಕ್ಷಸ.