ಮೂರು ಗಂಟೆಗೆ ಕೈ ಚಾಚಿದ ಕಂಪ್ಯೂಟರ್

ಇಂಥವೆಲ್ಲ ನನಗೇ ಆಗುತ್ತವೆ. ಗಟ್ಟಿ ಬಾಯಿಯವರ ಮುಂದೆ ಯಂತ್ರಗಳೂ ಮರ್ಯಾದೆಯಿಂದ ಇರುತ್ತವೆ. ನನ್ನಂಥ ಬಾಯಿಲ್ಲದವಳು ಸಿಕ್ಕರೆ ತಾವೇ ಮಾತು ಶುರು ಮಾಡುತ್ತವೆ.

ತೊಂಬತ್ತರ ದಶಕದ ಕೊನೆ. ಆಳಂದದಲ್ಲಿ ತೊಗರಿ ವ್ಯಾಪಾರದ ಸಾಹುಕಾರರೊಬ್ಬರು ತಮ್ಮ ಹಳೇ ವಾಡೆಯ ಒಂದು ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸ್ ತೆರೆದಿದ್ದರು. ಇಂಗ್ಲಿಷ್ ಮೀಡಿಯಮ್ಮಿನವಳೆಂದು ನನಗೆ ಅಲ್ಲಿ ಕಲಿಸುವ ಕೆಲಸ ಸಿಕ್ಕಿತ್ತು. ನಾನು ಇಂಗ್ಲಿಷಿನಲ್ಲೂ ಮಾತಾಡುವುದಿಲ್ಲ ಅಂತ ಅವರಿಗೆ ಆಮೇಲೆ ಗೊತ್ತಾಯಿತು.

ಒಂದು ಶುಕ್ರವಾರ ಅವರು ಪತ್ರಿಕೆಯ ಜೊತೆ ಪುಕ್ಕಟೆ ಬಂದ ಲಿನಕ್ಸ್ ಸಿ.ಡಿ. ತಂದಿಟ್ಟರು.

"ಇದೂ ಇರಬೇಕು, ಹಳೇ ವಿಂಡೋಸೂ ಇರಬೇಕು. ಒಂದೇ ಮಷೀನಿನಾಗ ಎರಡು. ಸೋಮವಾರ ಹೊಸ ಬ್ಯಾಚ್ ಬರ್ತದ. ಆಗ್ತದೇನ್ರಿ ಮೇಡಮ್ಮೋರ?"

ತಲೆಯಾಡಿಸಿದೆ.

"ಆಗಲಿಲ್ಲಂದ್ರ ಗುಲ್ಬರ್ಗಾದಿಂದ ಒಬ್ಬವನಿಗಿ ಕರಸ್ತೇನಿ. ನೀವು ಮನ್ಯಾಗ ಆರಾಮ ಕುಂದರ್ರಿ."

ಮನೆಯಲ್ಲಿ ಆರಾಮ ಅಂದರೇನು ಅಂತ ನನಗೆ ಗೊತ್ತಿತ್ತು. ಅವ್ವ ಜೇವರ್ಗಿ ಕಡೆಯ ಒಂದು ಗಂಡಿನ ಫೋಟೋ ಹಿಡಿದು ಕೂತಿದ್ದಳು. "ನೌಕರಿ ಇರೋತನಕ ಒತ್ತಾಯ ಮಾಡಂಗಿಲ್ಲ" ಅಂತ ಮಾತು ಕೊಟ್ಟಿದ್ದಳು. ಇರೋತನಕ ಮಾತ್ರ.

೧. ಉಸಿರು

ಶನಿವಾರ ಬೆಳಿಗ್ಗೆ. ಮೊಳ ದಪ್ಪದ ಕಲ್ಲುಗೋಡೆಯ ಕೋಣೆ, ಒಂದೇ ಕಿಟಕಿ. ಹೊರಗಿನ ಸಂತೆ ಗದ್ದಲ ಒಳಗೆ ಕೇಳಿಸದು. ಡ್ರೈವಿನ ತಟ್ಟೆಯಲ್ಲಿ ಸಿ.ಡಿ. ಇಟ್ಟು ಒಳಗೆ ತಳ್ಳಿದೆ. ಅದು ತಿರುಗತೊಡಗಿತು. ಮೊದಲು ಪಿಸುಪಿಸು, ಆಮೇಲೆ ದಮ್ಮಿನವರು ಮೆಟ್ಟಿಲು ಹತ್ತಿದಂತೆ ಉಸಿರು. ನಿಂತಿತು. ಮತ್ತೆ ಉಸಿರು. ಪರದೆಯ ಮೇಲೆ, 'ಡ್ರೈವಿನಲ್ಲಿ ಡಿಸ್ಕ್ ಇಲ್ಲ.'

ನನ್ನ ಕೈಯಾರೆ ಇಟ್ಟ ಡಿಸ್ಕು ಎಲ್ಲಿ ಹೋಯಿತು ಅಂತ ಬಗ್ಗಿದೆ. ಬಟನ್ ಮುಟ್ಟಿರಲಿಲ್ಲ. ತಟ್ಟೆ ತಾನಾಗಿಯೇ, ಮೆಲ್ಲಗೆ, ನನ್ನ ಮುಖದತ್ತ ಹೊರಬಂತು. ತಳ್ಳಿದೆ. ಕೈ ಹಿಂದಕ್ಕೆ ತೆಗೆಯುವುದರೊಳಗೆ ಮತ್ತೆ ಬಂತು.

ಯಾರೂ ಇಲ್ಲದ ಆ ಕೋಣೆಯಲ್ಲಿ ನಾನು "ಸಾರಿ" ಅಂದುಬಿಟ್ಟೆ. ನಮ್ಮ ಶಾಲೆಯಲ್ಲಿ ಶಿಸ್ತು ಹಾಗಿತ್ತು, ದೆವ್ವದ ಮುಂದೂ ಬಿಡಲಿಲ್ಲ.

೨. ಯಜಮಾನರು

ಒಂದು ಗಂಟೆಗೆ ಕರೆಂಟ್ ಹೋಯಿತು. ನಾನು ಹೊಸ್ತಿಲಲ್ಲಿ ಕೂತು ರೊಟ್ಟಿ ತಿಂದು ಅಲ್ಲೇ ಉಳಿದೆ. ಪಕ್ಕದಲ್ಲಿ ಸಾಹುಕಾರರ ತಾಯಿ ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಎಲ್ಲರಿಗೂ ಅವರು ಆಯಿ. ಗೋಡೆ ಗಡಿಯಾರ ಮೂರು ಹೊಡೆಯಿತು. ಕತ್ತಲ ಕೋಣೆಯಲ್ಲಿ ಪರದೆ ತಾನೇ ಬೆಳಗಿತು, ಏನೋ ಕಟಕಟ ಅಂತು, ತಟ್ಟೆ ಉದ್ದಕ್ಕೆ ಹೊರಬಂದು ಕಾದು ನಿಂತಿತು.

ನಾನು ಎದ್ದು ನಿಂತೆ. ಆಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಅಂಜಬ್ಯಾಡ ತಂಗಿ. ನಮ್ಮ ಯಜಮಾನ್ರು ಅವರು."

"ಯಾ... ಯಾರ್ರೀ?"

"ಇದೇ ಖೋಲಿ, ಇದೇ ಮೂಲಿ. ಉಂಡು ಮಲಗಿ ಮೂರಕ್ಕ ಎದ್ದು ಹೀಂಗೇ ಕೈ ಚಾಚತಿದ್ರು. ಅಡಿಕಿ ಹೋಳು ಇಟ್ಟರ ಕೈ ಒಳಗ."

"ತೀರಿಕೊಂಡು..."

"ಹನ್ನೆರಡು ವರ್ಷಾತು."

"ಹಂಗಾರ ಏನರ ಮಾತಾಡ್ತಾರೇನ್ರಿ?" ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

"ನಲವತ್ತು ವರ್ಷ ಸಂಸಾರ ಮಾಡೇನಿ, ಒಮ್ಮೆರ ಅಡಿಕಿ ಕೊಡು ಅಂತ ಬಾಯಿ ಬಿಟ್ಟವರಲ್ಲ. ಈಗ ಸತ್ತಮ್ಯಾಲ ನಿನ್ನ ಸಂಗಟ ಮಾತಾಡ್ತಾರೇನು?"

೩. ಲೈನು

ಭಾನುವಾರ ಬೆಳಿಗ್ಗೆ ಸಾಹುಕಾರರು ಅಫಜಲಪುರದಿಂದ ಟೇಪ್ ರೆಕಾರ್ಡರ್ ರಿಪೇರಿಯವರೊಬ್ಬರನ್ನು ಕರೆಸಿದರು. ಆಯಿಯ ಮಾತು ಕೇಳಿ ರಿಪೇರಿಯವರು ಗಹಗಹಿಸಿ ನಕ್ಕರು.

"ಭೂತ ಗೀತ ಸುಳ್ಳರಿ. ಎಲ್ಲಾ ಕರೆಂಟಿನ ಆಟ. ನೋಡ್ರಿಲ್ಲಿ." ಗೋಡೆಯಿಂದ ಒಂದು ಪ್ಲಗ್ ಕಿತ್ತರು. ಪರದೆ ಕಪ್ಪಾಯಿತು. ತಟ್ಟೆ ಒಳಗೆ ತಳ್ಳಿ, ವಾಯರನ್ನು ಸತ್ತ ಹಾವಿನಂತೆ ಎತ್ತಿ ಹಿಡಿದರು. "ಈಗ ಬಾ ಅನ್ನರಿ!"

ಬಂತು.

ಅವರ ಕೈಲಿದ್ದದ್ದು ಬರೀ ಪರದೆಯ ವಾಯರು, ಕಂಪ್ಯೂಟರಿನ ಪೆಟ್ಟಿಗೆ ಇನ್ನೂ ಗುಂಯ್ ಅನ್ನುತ್ತಲೇ ಇತ್ತು. ಹೇಳಬೇಕು ಅಂತ ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಅವರು "ಇದು ನಮ್ಮ ಲೈನ್ ಅಲ್ರಿ" ಅಂತ ಬಾಗಿಲು ದಾಟಿದ್ದರು. ನಾನು ಬಾಯಿ ತೆರೆದಾಗ ಅವರು ಬಸ್ಸಿನಲ್ಲಿ ಸೀಟು ಹಿಡಿದಿರಬೇಕು.

೪. ಹಣೆ

ಅವರು ಬಿಟ್ಟು ಓಡಿದ್ದ ಬ್ಯಾಟರಿ ಲೈಟ್ ಹಿಡಿದು ನಾನೇ ಡ್ರೈವಿನ ಮುಖ ನೋಡಿದೆ. ಬಟನ್ ಕೆಂಪಗಿತ್ತು. ಕುಂಕುಮ.

ಗುರುವಾರ ಅಮಾವಾಸ್ಯೆ ಬಂದಿತ್ತು. ಅವತ್ತು ಆಯಿ ಅಂಗಡಿಯ ತಕ್ಕಡಿಯಿಂದ ಹಿಡಿದು ನೀರಿನ ಮೋಟಾರಿನವರೆಗೆ ಎಲ್ಲಕ್ಕೂ ಪೂಜೆ ಮಾಡಿದ್ದರು.

"ಆಯೀ, ಇದಕ್ಕೂ ಹಚ್ಚೀರೇನ್ರಿ?"

"ಹಚ್ಚದ ಬಿಡ್ತೇನೇನು? ಮೊದಲ ವಿಭೂತಿ. ಹಣಿ ಯಾವುದು ಅಂತ ಹುಡುಕಿ ಹುಡುಕಿ ಸಾಕಾತು. ದುಂಡಗ ಅದೊಂದೇ ಇತ್ತು. ಕುಂಕುಮ ಎಣ್ಯಾಗ ಕಲಸಿ ಒತ್ತಿ ಹಚ್ಚೇನಿ, ಅಳಿಸಬಾರದಂತ."

ಕುಂಕುಮ ಗಟ್ಟಿಯಾಗಿ ಬಟನ್ ಒಳಗೇ ಸಿಕ್ಕಿಕೊಂಡಿತ್ತು. ಯಾರೋ ಒತ್ತಿ ಹಿಡಿದಿದ್ದಾರೆ ಅಂತ ತಿಳಿದು ಡ್ರೈವು ಪದೇ ಪದೇ ತಟ್ಟೆ ಹೊರಹಾಕುತ್ತಿತ್ತು. ಶನಿವಾರ ಪೆಟ್ಟಿಗೆಯ ಸ್ವಿಚ್ಚು ನಾನು ಆರಿಸಿರಲಿಲ್ಲ, ಹಾಗಾಗಿ ಮೂರಕ್ಕೆ ಕರೆಂಟ್ ಬಂದೊಡನೆ ಅದು ಎದ್ದಿತ್ತು. ತಟ್ಟೆಯ ಸಂದಿನಿಂದ ಉದುರಿದ ವಿಭೂತಿ ಓದುವ ಒಳಗಿನ ಕಣ್ಣಿಗೆ ಮುಸುಕಿ ಡಿಸ್ಕು ಕಾಣುತ್ತಿರಲಿಲ್ಲ.

ಆಯಿಯ ಬತ್ತಿಯ ಹತ್ತಿಯಿಂದಲೇ ಎಲ್ಲ ಒರೆಸಿದೆ. ಡಿಸ್ಕು ತಿರುಗಿತು, ಓದಿತು. ಅಣ್ಣತಮ್ಮಂದಿರ ಮನೆಗೆ ನಡುವೆ ಗೋಡೆ ಎಬ್ಬಿಸಿದಂತೆ ಹಾರ್ಡ್ ಡಿಸ್ಕನ್ನು ಎರಡು ಪಾಲು ಮಾಡಿದೆ. ಗೋಡೆ ಒಂದಿಷ್ಟು ಸರಿದರೆ ವಿಂಡೋಸ್ ಹೋಯಿತು, ನೌಕರಿ ಹೋಯಿತು, ಜೇವರ್ಗಿಯ ಫೋಟೋ ಬಂತು. ಅದೃಷ್ಟಕ್ಕೆ ಅವತ್ತು ಕರೆಂಟ್ ತೆಗೆಯಲಿಲ್ಲ. ಕೆಲಸ ಮುಗಿಯಿತು. ಮುಗಿದ ಮೇಲೆ ಅದು ತಾನೇ ಡಿಸ್ಕ್ ಹೊರಗೆ ಕೊಡುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ. ಕೊಟ್ಟಿತು. ತೆಗೆದುಕೊಂಡು ಕವರಿಗೆ ಹಾಕಲು ಆ ಕಡೆ ತಿರುಗಿದೆ.

ಗಡಿಯಾರ ಮೂರು ಹೊಡೆಯಿತು.

ತಿರುಗಿ ನೋಡಿದರೆ ಆಯಿ ಖಾಲಿ ತಟ್ಟೆಯ ಮುಂದೆ ಸೆರಗು ಹೊದ್ದು ನಿಂತಿದ್ದರು, ಬೆರಳಲ್ಲಿ ಅಡಿಕೆ ಹೋಳು.

"ಆಯೀ, ಬ್ಯಾಡ್ರೀ! ಅವರಲ್ಲರೀ ಅದು!"

ಆ ವಾಡೆಯಲ್ಲಿ ನಾನು ಕೂಗಿದ್ದು ಅದೇ ಮೊದಲು. ಸಾಹುಕಾರರು ಓಡಿ ಬಂದರು. ಅಷ್ಟರಲ್ಲಿ ಯಂತ್ರ ಮತ್ತೆ ಶುರುವಾಗಿ, ತಟ್ಟೆ ಅಡಿಕೆಯನ್ನು ಹೊತ್ತು ಒಳಗೆ ಹೋಗಿತ್ತು. ಪರದೆಯ ಮೇಲೆ ಒಂದರ ಕೆಳಗೊಂದು ಎರಡು ಹೆಸರು, ಲಿನಕ್ಸ್, ವಿಂಡೋಸ್.

"ಆತಲ್ರಿ ಮೇಡಮ್ಮೋರ!" ಅಂದರು ಸಾಹುಕಾರರು. "ಸೋಮವಾರ ಲಗೂನ ಬರ್ರಿ."

ಪೆಟ್ಟಿಗೆಯೊಳಗಿಂದ ಕಟ್, ಕಟ್, ಕಟುಂ ಅಂತ ಸದ್ದು ಬಂತು. ಮೂವರೂ ಬಗ್ಗಿ ಕೇಳಿದೆವು.

ಆಯಿ ನನ್ನತ್ತ ತಿರುಗಿದರು.

"ಅವರಲ್ಲ ಅಂದಿ. ಮತ್ತ ಅಗಿಯಾಕತ್ತಿದ್ದು ಯಾರವಾ?"