ಗೇಟ್‌ವೇ ಪೆಟ್ಟಿಗೆಯೂ ನಾನೂ

ನಾನು ಎಲ್ಲಿ ಹೋಗಿ ಒಂದು ವೈರು ಚುಚ್ಚಿದರೂ ಅಲ್ಲೇನಾದರೂ ಒಂದು ಆಗಿಯೇ ಆಗುತ್ತದೆ. ಇದು ನನ್ನ ಗ್ರಹಚಾರವೋ ವೈರಿನದೋ ಇನ್ನೂ ತೀರ್ಮಾನವಾಗಿಲ್ಲ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಅತ್ತೆಗೇ ಇನ್ನೂ ಅರ್ಥವಾಗಿಲ್ಲ. ಊಟದ ಡಬ್ಬಿಯಷ್ಟು ದೊಡ್ಡದೊಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಅದಕ್ಕೆ ಗೇಟ್‌ವೇ ಅಂತ ಹೆಸರು. ಅದರ ಒಂದು ತೂತಿಗೆ ಮಿಷಿನ್ನಿನ ವೈರು, ಇನ್ನೊಂದಕ್ಕೆ ಇಂಟರ್ನೆಟ್ಟಿನ ನೀಲಿ ವೈರು. ಈ ನೀಲಿ ವೈರಿಗೆ ಈಥರ್ನೆಟ್ ಅನ್ನುತ್ತಾರೆ. ಪೆಟ್ಟಿಗೆಗೆ ಅಂಕಿಗಳಲ್ಲಿ ಒಂದು ವಿಳಾಸ ಕೊಟ್ಟು ಸರಿಯಾಗಿ ಕೂರಿಸಿದರೆ, ಮಿಷಿನ್ನು ಓಡುತ್ತಿದೆಯೋ ಮಲಗಿದೆಯೋ ಅಂತ ಮಾಲೀಕರು ಮೊಬೈಲಿನಲ್ಲೇ ನೋಡಬಹುದು. ನಾನು ಸ್ಕೂಟರಿನಲ್ಲಿ ಲ್ಯಾಪ್‌ಟಾಪ್ ಹೇರಿಕೊಂಡು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಅಂತ ಸುತ್ತಿ ಈ ಪೆಟ್ಟಿಗೆ ಕೂರಿಸುವವಳು. ಹೆಂಗಸು ಬಂದಿದ್ದು ನೋಡಿ "ಟೆಕ್ನಿಷಿಯನ್ ಹಿಂದೆ ಬರ್ತಾ ಇದ್ದಾರಾ?" ಅಂತ ಕೇಳುವವರು ಇನ್ನೂ ಇದ್ದಾರೆ. "ಹೌದು, ಸ್ಕೂಟರ್ ನಿಲ್ಲಿಸಿ ಬರ್ತಾರೆ" ಅಂದು, ಸ್ಕೂಟರ್ ನಿಲ್ಲಿಸಿ ಬರುತ್ತೇನೆ.

ಗೇಟು ಬಂತಾ?

ನರಸಿಂಹರಾಜಪುರದ ಹತ್ತಿರ ಒಂದು ಅಕ್ಕಿ ಗಿರಣಿ. ಮಾಲೀಕರಿಗೆ ಹಿಂದಿನ ದಿನ ಫೋನು ಮಾಡಿ, "ನಾಳೆ ಗೇಟ್‌ವೇ ಹಾಕ್ಲಿಕ್ಕೆ ಬರ್ತೇನೆ" ಅಂದೆ.

"ಬನ್ನಿ ಬನ್ನಿ. ಗಟ್ಟಿ ಇದೆಯಾ?" ಅಂದರು.

"ಪೂರ್ತಿ ಕಬ್ಬಿಣದ್ದು. ಸೈಜು ಮಾತ್ರ ಸಣ್ಣದು."

"ಸಣ್ಣದಾದ್ರೂ ಅಡ್ಡಿಲ್ಲ. ಒಳಗಿನದು ಹೊರಗೆ, ಹೊರಗಿನದು ಒಳಗೆ ಸಲೀಸಾಗಿ ಹೋಗ್ಬೇಕು."

"ಅದಕ್ಕೇ ಇರೋದು ಅದು. ಬೇಡದವರು ನುಗ್ಗಿದ್ರೆ ತಾನೇ ತಡೆಯುತ್ತೆ."

"ಹಂಗಾದ್ರೆ ವಾಚ್‌ಮನ್ ಬೇಡ ಅನ್ನಿ!" ಅಂತ ಖುಷಿಯಿಂದ ಫೋನಿಟ್ಟರು. ಇಷ್ಟು ಬೇಗ ಅರ್ಥ ಮಾಡಿಕೊಂಡ ಗಿರಾಕಿ ನನಗೆ ಅವತ್ತಿನವರೆಗೆ ಸಿಕ್ಕಿರಲಿಲ್ಲ.

ಮರುದಿನ ಹೋಗಿ ನೋಡಿದರೆ ಗಿರಣಿಯ ಹಳೇ ಗೇಟು ಕಿತ್ತು ರಸ್ತೆ ಬದಿಗೆ ಒರಗಿಸಿದ್ದಾರೆ. ಕಂಬ ಒಡೆದಾಗಿದೆ. ಗಾರೆಯವನು ಸಿಮೆಂಟು ಕಲಸಿಕೊಂಡು ಕೂತಿದ್ದಾನೆ. ತೆರೆದ ಬಾಗಿಲಲ್ಲಿ ಊರಿನ ದನಗಳೆಲ್ಲ ಒಳಗೆ ನುಗ್ಗಿ ತೌಡಿನ ರಾಶಿಗೆ ಬಾಯಿ ಹಾಕಿವೆ, ಗಿರಣಿಯವರು ಕೋಲು ಹಿಡಿದು ಅವುಗಳ ಹಿಂದೆ ಓಡುತ್ತಿದ್ದಾರೆ. ಮಾಲೀಕರು ನನ್ನ ಸ್ಕೂಟರ್ ನೋಡಿದರು, ಅದರ ಹಿಂದೆ ಲಾರಿ ಬರುತ್ತದೆಯೇನೋ ಅಂತ ರಸ್ತೆ ನೋಡಿದರು.

"ಎಲ್ಲಿ ಗೇಟು?"

ನಾನು ಬ್ಯಾಗಿನಿಂದ ಪೆಟ್ಟಿಗೆ ತೆಗೆದು ಅವರ ಕೈಗಿಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತೂತಿನೊಳಗೆ ಕಣ್ಣಿಟ್ಟು ನೋಡಿ, ನಿಧಾನಕ್ಕೆ ಕೇಳಿದರು:

"ಸಣ್ಣದು ಅಂತ ಹೇಳಿದ್ರಿ, ಒಪ್ಪಿದೆ. ಆದ್ರೆ ಇದ್ರಲ್ಲಿ ಲಾರಿ ಹೆಂಗೆ ತೂರಿಸ್ಲಿ ಮಾರಾಯ್ತಿ?"

ಸಗೋತ್ರ ಸಂಬಂಧ

ಶೃಂಗೇರಿಯಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ಹಿರಿಯರೊಬ್ಬರಿಗೆ ಸಿರಿಮನೆ ಕಡೆ ಸ್ವಲ್ಪ ತೋಟ. ಅಲ್ಲಿಯ ಹಳ್ಳದ ನೀರಿಗೆ ಪುಟ್ಟ ಟರ್ಬೈನು ಕೂರಿಸಿ ಮನೆಗೆ ಬೇಕಾದ ಕರೆಂಟು ತಾವೇ ಮಾಡಿಕೊಳ್ಳುತ್ತಿದ್ದರು. ಎಲೆ ಕಸ ಸಿಕ್ಕಿ ಟರ್ಬೈನು ನಿಂತರೆ ಮೊಬೈಲಿಗೆ ಸುದ್ದಿ ಬರಲಿ ಅಂತ ನನ್ನನ್ನು ಕರೆಸಿದ್ದರು.

ಪೆಟ್ಟಿಗೆ ಕೂರಿಸಿದೆ. ಅದಕ್ಕೂ ಟರ್ಬೈನಿಗೂ ಮಾತೇ ಇಲ್ಲ. ಹಿರಿಯರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, "ಎಂತ ತೊಂದರೆ ಕೂಸೇ?" ಅಂದರು.

"ವಿಳಾಸ ಹೊಂದ್ತಾ ಇಲ್ಲ ಅಜ್ಜ. ಎರಡರ ವಿಳಾಸದಲ್ಲೂ ಮೊದಲಿನ ಅಂಕಿಗಳು ಒಂದೇ ಇರ್ಬೇಕು. ಕೊನೇದು ಮಾತ್ರ ಬೇರೆ ಇರ್ಬೇಕು. ಆಗ ಮಾತಾಡ್ತವೆ."

ಅವರು ಕಣ್ಣು ಮುಚ್ಚಿ ಯೋಚಿಸಿದರು. "ಅಂದರೆ ಗೋತ್ರ ಒಂದೇ, ಹೆಸರು ಬೇರೆ."

ಇದಕ್ಕಿಂತ ಚೆನ್ನಾಗಿ ನನಗೆ ಕಂಪನಿಯ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ. "ಸರಿಯಾಗಿ ಹೇಳಿದ್ರಿ ಅಜ್ಜ! ಈಗ ನೋಡಿ, ಎರಡನ್ನೂ ಒಂದೇ ಗೋತ್ರ ಮಾಡ್ತೇನೆ" ಅಂತ ಲ್ಯಾಪ್‌ಟಾಪಿಗೆ ಕೈ ಹಾಕಿದೆ.

"ನಿಲ್ಲು" ಅಂದರು. ಮುಖ ಗಂಭೀರವಾಯಿತು. "ಸಗೋತ್ರದಲ್ಲಿ ಸಂಬಂಧ ಮಾಡಿಸ್ತೀಯಲ್ಲ, ಅದೂ ನಮ್ಮ ತೋಟದಲ್ಲಿ?"

"ಮದುವೆ ಅಲ್ಲ ಅಜ್ಜ. ಬರೀ ಮಾತುಕತೆ."

"ಎಲ್ಲ ಶುರುವಾಗೋದು ಮಾತುಕತೆಯಿಂದಲೇ."

ಕೊನೆಗೆ ಇಬ್ಬರನ್ನೂ ಅಣ್ಣ ತಂಗಿ ಅಂತ ತಿಳಿದುಕೊಳ್ಳುವುದು ಅಂತ ರಾಜಿಯಾಯಿತು. ಅಂಕಿ ಬದಲಾಯಿಸಿದೆ. ಕೂಡಲೇ ಟರ್ಬೈನಿನ ವೇಗ ಅವರ ಮೊಬೈಲಿನಲ್ಲಿ ಕಾಣಿಸಿತು. ಹಿರಿಯರು ಮಗುವಿನ ಹಾಗೆ ಕೈ ತಟ್ಟಿ, ಅಡಿಗೆ ಮನೆ ಕಡೆ ತಿರುಗಿ ಕೂಗಿದರು: "ಕೇಳಿತೇನೇ? ಗೋತ್ರ ಬೇರೆ ಇದ್ದಿದ್ದಕ್ಕೇ ಒಂದರ ಮಾತು ಇನ್ನೊಂದಕ್ಕೆ ತಲುಪ್ತಾ ಇರ್ಲಿಲ್ಲವಂತೆ!"

ಒಳಗಿನಿಂದ ಅಜ್ಜಿಯ ದನಿ ಬಂತು. "ಹಂಗಾದ್ರೆ ನಮ್ಮಿಬ್ಬರದೂ ಅದೇ ತೊಂದರೆ. ಕೂಸೇ, ಹೋಗೋ ಮೊದಲು ಇವರಿಗೂ ಒಂದು ಅಂಕಿ ಬದಲು ಮಾಡಿ ಹೋಗು."

ಬಿಸಿಲಿನ ರೋಗ

ಮೇಗುಂದದಲ್ಲಿ ಒಬ್ಬರು ಕಾಫಿ ಬೆಳೆಗಾರರ ಬೀಜ ಒಣಗಿಸುವ ಡ್ರೈಯರಿಗೆ ಪೆಟ್ಟಿಗೆ ಹಾಕಿಕೊಟ್ಟಿದ್ದೆ. ಮೋಡದ ದಿನ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಬಿಸಿಲು ಬಂತೋ ಸತ್ತೇ ಹೋಗುತ್ತಿತ್ತು. ನಮ್ಮ ಹೆಡ್ ಆಫೀಸಿನಲ್ಲಿ ಇದರ ಮೇಲೆ ಮೀಟಿಂಗೇ ನಡೆಯಿತು. ಶಾಖಕ್ಕೆ ಒಳಗಿನ ಚಿಪ್ ಹಿಗ್ಗುತ್ತದೆ ಅಂದರು ಒಬ್ಬರು. ಪೆಟ್ಟಿಗೆಗೆ ಬಿಳಿ ಬಣ್ಣ ಬಳಿಯಿರಿ ಅಂದರು ಇನ್ನೊಬ್ಬರು. ಡ್ರೈಯರು ಯಾವಾಗ ನಿಂತಿತು ಅಂತ ಗೊತ್ತಾಗದೆ ಕಾಫಿ ಬೀಜ ಕೆಡುತ್ತದೆ ಅಂತ ಬೆಳೆಗಾರರದು ಮಾತ್ರ ದಿನಾ ನನಗೆ ಫೋನು.

ಒಳ್ಳೇ ಬಿಸಿಲಿನ ದಿನ ನೋಡಿಕೊಂಡು ನಾನೇ ಹೋದೆ. ಮನೆಯಿಂದ ಡ್ರೈಯರ್ ಶೆಡ್ಡಿಗೆ ಎಳೆದ ನನ್ನ ನೀಲಿ ವೈರು ಕಾಣಿಸಲೇ ಇಲ್ಲ. ಅದರ ಮೇಲೆ ಸೀರೆ, ಬೆಡ್‌ಶೀಟು, ಪಂಚೆ, ಒಂದು ಒದ್ದೆ ಕಂಬಳಿ! ಕಂಬಳಿಯ ಭಾರಕ್ಕೆ ವೈರು ಜಗ್ಗಿ, ಪೆಟ್ಟಿಗೆಯಿಂದ ಅರ್ಧ ಕಿತ್ತು ಬಂದಿದೆ. ಮೋಡದ ದಿನ ಯಾರು ಬಟ್ಟೆ ಒಣಗಿಸುತ್ತಾರೆ?

ಮನೆಯಾಕೆ ಮುಗುಳ್ನಕ್ಕು, "ಎಷ್ಟು ನಯ ಇದೆ, ಬಟ್ಟೆಗೆ ಕಲೆನೂ ಹಿಡಿಯಲ್ಲ" ಅಂತ ಹೊಗಳಿದರು. ನಾನು ಪೇಟೆಗೆ ಹೋಗಿ ನೈಲಾನ್ ಹಗ್ಗ ತಂದು, ಅಂಗಳದ ಇನ್ನೊಂದು ಮೂಲೆಯಲ್ಲಿ ನನ್ನ ಕೈಯಾರೆ ಕಟ್ಟಿಕೊಟ್ಟೆ. ಪೆಟ್ಟಿಗೆಯ ರೋಗ ವಾಸಿಯಾಯಿತು.

ಸ್ವಲ್ಪ ದಿನ ಬಿಟ್ಟು ಆಕೆಯ ಫೋನು ಬಂತು. "ನೀವು ಕಟ್ಟಿದ ಹಗ್ಗ ಜೋಲ್ತದೆ ಮಾರಾಯ್ತಿ. ಆ ನೀಲಿದೇ ಒಂದಿಷ್ಟು ಕಳಿಸಿ. ಇಂಟರ್ನೆಟ್ ಇಲ್ದಿದ್ದಾದ್ರೂ ಅಡ್ಡಿಲ್ಲ."

ಹಸಿರು ದೀಪ

ಅಡ್ಡಗದ್ದೆ ಕಡೆಯ ಒಂದು ಕುಡಿಯುವ ನೀರಿನ ಪಂಪ್‌ಹೌಸು. ಅಲ್ಲಿ ಪಂಪು ಶುರುವಾಗುವುದೂ ಪೆಟ್ಟಿಗೆಯ ಮೂಲಕವೇ. ಮುಸ್ಸಂಜೆ ಹೊತ್ತಿಗೆ ಅಲ್ಲಿಯ ಪಂಪು ನನ್ನ ಮೊಬೈಲಿನಿಂದ ಮಾಯವಾಯಿತು. ಟ್ಯಾಂಕು ತುಂಬದಿದ್ದರೆ ಬೆಳಿಗ್ಗೆ ಊರಿಗೆ ನೀರಿಲ್ಲ. ನಾನು ಶೃಂಗೇರಿ ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಪಂಪ್ ಆಪರೇಟರಿಗೆ ಫೋನು ಮಾಡಿದೆ.

"ಪೆಟ್ಟಿಗೆ ಇರೋ ಬೀರು ತೆಗೀರಿ. ವೈರು ಚುಚ್ಚಿದ ಜಾಗದಲ್ಲಿ ಹಸಿರು ಲೈಟು ಮಿಣುಕ್ತಾ ಇದೆಯಾ?"

"ಮಿಣುಕ್ತಾ ಇದೆ ಮೇಡಂ."

ಲೈಟು ಇದೆ ಅಂದರೆ ವೈರು ಸರಿ ಇದೆ. ತಪ್ಪು ನನ್ನ ಸೆಟ್ಟಿಂಗಿನದೇ ಇರಬೇಕು ಅಂತ ಅದನ್ನು ಬದಲಿಸಿದೆ, ಇದನ್ನು ಬದಲಿಸಿದೆ. ಏನೂ ಆಗಲಿಲ್ಲ.

"ಈಗಲೂ ಮಿಣುಕ್ತಾ ಇದೆಯಾ?"

"ಇದೆ ಮೇಡಂ. ಸ್ವಲ್ಪ ಎಡಕ್ಕೆ ಹೋಗಿದೆ ಅಷ್ಟೆ."

"ಏನು ಎಡಕ್ಕೆ ಹೋಗಿದೆ?"

"ಲೈಟು. ಮೊದ್ಲು ವೈರಿನ ಮೇಲಿತ್ತು. ಈಗ ಬೀರು ಬಾಗಿಲಿಗೆ ಬಂತು... ಅಯ್ಯೋ, ಹಾರಿ ಹೋಯ್ತು!"

ಮಿಣುಕುಹುಳ! ಪೆಟ್ಟಿಗೆಗೆ ಕರೆಂಟೇ ಇರಲಿಲ್ಲ, ಸ್ವಿಚ್ಚು ಆಫ್ ಆಗಿತ್ತು. ಹಾಕಿಸಿದೆ, ಪಂಪು ಶುರುವಾಯಿತು. ನಿಟ್ಟುಸಿರು ಬಿಟ್ಟು ಬಸ್ಸು ಹತ್ತುವಾಗ ಆಪರೇಟರ್ ಮತ್ತೆ ಫೋನು ಮಾಡಿದ.

"ಮೇಡಂ, ಈಗ ಎರಡು ಮಿಣುಕ್ತಾ ಇದೆ. ಹಾರಿ ಹೋಗೋ ಮೊದ್ಲು ಬಾಗಿಲು ಹಾಕಿಬಿಡ್ಲಾ?"

ಸೈರನ್

ಇದೆಲ್ಲ ಒಂದು ತೂಕವಾದರೆ ಕೊಪ್ಪದ ಹತ್ತಿರದ ಹಾಳೆತಟ್ಟೆ ಕಾರ್ಖಾನೆಯದೇ ಒಂದು ತೂಕ.

ಅಡಿಕೆ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಊಟದ ತಟ್ಟೆ ಮಾಡುವ ಜಾಗ ಅದು. ಕೆಲಸದವರೆಲ್ಲ ಹೆಂಗಸರು. ಅಲ್ಲಿಯ ಸೈರನ್ನಿನ ಸಂಗತಿ ನನಗೆ ಆಮೇಲೆ ಗೊತ್ತಾಯಿತು, ನಿಮಗೆ ಮೊದಲೇ ಹೇಳುತ್ತೇನೆ. ಸುತ್ತಲಿನ ಊರಿಗೆಲ್ಲ ಕೇಳುವ ಸೈರನ್ನು. ಮೊದಲನೇ ಕೂಗು ಚಹಾಕ್ಕೆ, ಎರಡನೆಯದು ವಾಪಸ್ ಕೆಲಸಕ್ಕೆ, ಮೂರನೆಯದು ಊಟಕ್ಕೆ, ನಾಲ್ಕನೆಯದು ಮತ್ತೆ ಕೆಲಸಕ್ಕೆ, ಐದನೆಯದು ಮನೆಗೆ. ಉದ್ದಕ್ಕೆ ಕೂಗಿದರೆ ಬೆಂಕಿ. ಅಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ, ಕೂಗು ಎಣಿಸುತ್ತಾರೆ.

ಅವತ್ತು ಒಂದು ದೊಡ್ಡ ಮದುವೆಗೆ ತಟ್ಟೆ ಹೋಗಬೇಕಿತ್ತು. ಲಾರಿ ಬಂದು ನಿಂತಿತ್ತು. ಮ್ಯಾನೇಜರ್ ಬೆಳಿಗ್ಗೆಯಿಂದ ಬೆವರು ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಕಿಟಕಿ ಇಲ್ಲದ ಒಂದು ಕೋಣೆಗೆ ಬಿಟ್ಟು, "ಏನು ಬೇಕಾದ್ರೂ ಮಾಡಿ, ನಮ್ಮ ಕೆಲಸ ಮಾತ್ರ ನಿಲ್ಲಬಾರದು" ಅಂದರು.

ಪೆಟ್ಟಿಗೆ ಕೂರಿಸಿ, ಒಂದು ವಿಳಾಸ ಕೊಟ್ಟು, ಲ್ಯಾಪ್‌ಟಾಪಿನಲ್ಲಿ ಟೆಸ್ಟ್ ಬಟನ್ ಒತ್ತಿದೆ. ಒತ್ತಿದರೆ ಪೆಟ್ಟಿಗೆ ಟಿಕ್ ಅನ್ನಬೇಕು, ಕೆಂಪು ದೀಪ ಹತ್ತಬೇಕು. ಪೆಟ್ಟಿಗೆ ಸುಮ್ಮನಿತ್ತು. ಹೊರಗೆ ಎಲ್ಲೋ ಸೈರನ್ ಕೂಗಿತು. ಕೂಗಲಿ ಅಂತ ಮತ್ತೆ ಒತ್ತಿದೆ. ಮತ್ತೆ ಕೂಗಿತು. ಎಂಥ ಗಲಾಟೆ ಊರಪ್ಪ ಇದು ಅಂದುಕೊಂಡೆ.

ಮ್ಯಾನೇಜರ್ ಬಾಗಿಲಲ್ಲಿ ತಲೆ ಹಾಕಿದರು. "ಇವತ್ತು ಈ ಹೆಂಗಸರಿಗೆ ಏನಾಗಿದೆ ಮಾರಾಯ್ರೆ? ಚಹಾಕ್ಕೆ ಅಂತ ಹೋದ್ರು, ಲೋಟ ಮುಟ್ಟದೆ ವಾಪಸ್ ಬಂದ್ರು!"

"ಹೌದಾ ಸಾರ್?" ಅಂದು ನಾನು ಮೂರನೇ ಸಲ ಒತ್ತಿದೆ. ಸೈರನ್ ಕೂಗಿತು. "ಊಟಕ್ಕೆ ಹೊರಟ್ರು!" ಅಂತ ಅವರು ಹೊರಗೆ ಓಡಿದರು. ವೈರು ಕಿತ್ತು ಮತ್ತೆ ಚುಚ್ಚಿ ನಾಲ್ಕನೇ ಸಲ ಒತ್ತಿದೆ. ಡಬ್ಬಿಯ ಮುಚ್ಚಳ ತೆಗೆದವರು ಹಾಗೇ ಮುಚ್ಚಿ ಒಳಗೆ ಬಂದರಂತೆ. ಐದನೇ ಸಲ ಒತ್ತಿದೆ. ಎಲ್ಲರೂ ಚೀಲ ಹೆಗಲಿಗೇರಿಸಿ, "ಇವತ್ತು ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ" ಅಂತ ಮಾತಾಡಿಕೊಂಡು ಮನೆಗೆ ಹೊರಟರು. ಎದುರಿನ ಸ್ಟಾಪಿನಲ್ಲಿ ಸಂಜೆ ಬಸ್ಸಿನ ಡ್ರೈವರು ಊಟ ಅರ್ಧಕ್ಕೇ ಬಿಟ್ಟು ಬಸ್ಸು ಸ್ಟಾರ್ಟ್ ಮಾಡಿದ.

ನನಗೆ ಸಿಟ್ಟು ಬಂತು. ಬಟನ್ ಒತ್ತಿ ಹಿಡಿದೇಬಿಟ್ಟೆ. ಸೈರನ್ ಉದ್ದಕ್ಕೆ, ಒಂದೇ ಸಮನೆ ಕೂಗತೊಡಗಿತು.

ಹೊರಗೆ ಓಡಾಟ, ಕಿರುಚಾಟ. ಬಾಗಿಲು ದಡಾರನೆ ತೆರೆಯಿತು. ಮ್ಯಾನೇಜರ್ ತಲೆಯಿಂದ ಕಾಲಿನವರೆಗೆ ಒದ್ದೆ. ಬೆಂಕಿ ಹುಡುಕುತ್ತಾ ಬಂದ ಆಟೋದವನೊಬ್ಬ, ಬಿಸಿ ಅಚ್ಚಿನ ಪಕ್ಕ ಹೊಗೆಯ ನಡುವೆ ನಿಂತಿದ್ದ ಅವರ ಮೇಲೇ ಬಕೆಟ್ಟು ಸುರಿದಿದ್ದ.

"ಬೆಂಕಿ ಎಲ್ಲಿ? ಬೆಂಕಿ ಎಲ್ಲಿ?" ಅಂದರು.

"ಬೆಂಕಿ ಗೊತ್ತಿಲ್ಲ ಸಾರ್. ಮೊದಲು ಆ ಸೈರನ್ ನಿಲ್ಲಿಸಿ. ಇದರಲ್ಲಿ ಕೆಲಸ ಮಾಡೋದು ಹೆಂಗೆ?" ಅಂತ ರೇಗುತ್ತಾ ಬಟನ್ನಿನಿಂದ ಬೆರಳು ತೆಗೆದೆ.

ಸೈರನ್ ನಿಂತಿತು.

ಅವರು ನನ್ನ ಬೆರಳು ನೋಡಿದರು. ನಾನೂ ನೋಡಿದೆ. ಮೆಲ್ಲಗೆ ಇನ್ನೊಂದು ಸಲ ಒತ್ತಿದೆ. ಕೂಗಿತು. ಬಿಟ್ಟೆ. ನಿಂತಿತು. ನಾನು ಪೆಟ್ಟಿಗೆಗೆ ಕೊಟ್ಟ ವಿಳಾಸವೂ ಸೈರನ್ನಿಗೆ ಮೊದಲೇ ಯಾರೋ ಕೊಟ್ಟಿದ್ದ ವಿಳಾಸವೂ ಒಂದೇ ಆಗಿತ್ತು! ಕೆಲಸ ಹೋಯಿತು ಅಂತಲೇ ಲೆಕ್ಕ.

ಇಬ್ಬರೂ ಹೊರಗೆ ಬಂದೆವು. ಅಂಗಳದ ತುಂಬ ಜನ. ಮನೆಗೆ ಹೊರಟಿದ್ದ ಹೆಂಗಸರು, ಹೋಟೆಲಿನವರು, ಟೈಲರು, ಆಟೋದವರು, ಬಸ್ಸಿನ ಡ್ರೈವರು, ಕಂಡಕ್ಟರು, ಪ್ರಯಾಣಿಕರೂ ಸಮೇತ, ಎಲ್ಲರ ಕೈಯಲ್ಲೂ ಬಕೆಟ್ಟು. "ಬೆಂಕಿ ಎಲ್ಲಿ?" ಅಂತ ಎಲ್ಲರದೂ ಒಂದೇ ಪ್ರಶ್ನೆ.

ಮ್ಯಾನೇಜರ್ ಜನರನ್ನು ನೋಡಿದರು. ಖಾಲಿ ಲಾರಿ ನೋಡಿದರು. ಕಟ್ಟಿಟ್ಟ ತಟ್ಟೆಯ ಬೆಟ್ಟ ನೋಡಿದರು. ಮುಖದ ನೀರು ಒರೆಸಿಕೊಂಡು ಕೂಗಿದರು: "ಬೆಂಕಿ ಹಿಂದೆ ಇದೆ! ಮೊದಲು ಈ ತಟ್ಟೆಗಳನ್ನ ಉಳಿಸಿ! ಎಲ್ಲ ಲಾರಿಗೆ!"

ಜನ ಸಾಲಾಗಿ ನಿಂತರು. ಕಟ್ಟುಗಳು ಕೈಯಿಂದ ಕೈಗೆ ಹಾರಿದವು. ಸಂಜೆಯವರೆಗೆ ಆಗದ ಕೆಲಸ ನೋಡನೋಡುತ್ತಾ ಮುಗಿದು ಲಾರಿ ಹೊರಟೇ ಹೋಯಿತು. "ಬೆಂಕಿ ಆರಿತು" ಅಂತ ಮ್ಯಾನೇಜರ್ ಘೋಷಿಸಿದರು. ಬಂದವರಿಗೆಲ್ಲ ಚಹಾ ಸಿಕ್ಕಿತು. ಹೆಂಗಸರು ಡಬ್ಬಿ ಬಿಚ್ಚಿ ಊಟ ಮಾಡಿದರು. ನಾನು ಯಾರ ಮುಖವನ್ನೂ ನೋಡದೆ ಪೆಟ್ಟಿಗೆಯ ವಿಳಾಸ ಬದಲಿಸಿ, ಟಿಕ್ ಅನ್ನಿಸಿ, ಸ್ಕೂಟರ್ ಹತ್ತಿದೆ.

ಮುಂದಿನ ವಾರ ಮ್ಯಾನೇಜರರ ಫೋನು ಬಂತು. ದೂರು ಕೊಡಲಿಕ್ಕೇ ಇರಬೇಕು ಅಂದುಕೊಂಡೇ ಎತ್ತಿದೆ.

ಅವರು ದನಿ ತಗ್ಗಿಸಿ ಕೇಳಿದರು: "ಮೇಡಂ, ನಾಳೆ ಇನ್ನೊಂದು ಲೋಡ್ ಇದೆ. ಹಂಗೇ ಬಂದು ಒಂದು ಟೆಸ್ಟ್ ಮಾಡಿ ಹೋಗ್ತೀರಾ?"